ರದ್ದಿಯಲ್ಲೇ ಅರಳುವ ಬಾಲಪ್ರತಿಭೆ: ಪುಣೆ ತೋರಿದ ದಾರಿ

ಪುಣೆ: ರಾತ್ರಿ ಎಂಟೂವರೆ ಗಂಟೆ. ಭೋಸರಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಮನೆಗೆ ಬಂದ ಅಪ್ಪನ ಕೈಗೆ ಚಹಾ ಲೋಟಕ್ಕಿಂತ ಮೊದಲು ಮಗುವಿನ ಶಾಲೆಯ ಡೈರಿ ಬರುತ್ತದೆ. 'ನಾಳೆ ಬೆಸ್ಟ್ ಔಟ್ ಆಫ್ ವೇಸ್ಟ್ ಸ್ಪರ್ಧೆ. ಮಕ್ಕಳು ಮನೆಯಲ್ಲಿ ಬಿಸಾಡುವ ವಸ್ತುಗಳಿಂದ ಏನಾದರೊಂದು ತಯಾರಿಸಿ ತರಬೇಕು' ಎಂದು ಅದರಲ್ಲಿ ಬರೆದಿರುತ್ತದೆ. ಮಗುವಿಗೆ ಈಗಷ್ಟೇ ನಾಲ್ಕು ತುಂಬಿದೆ. ಅಪ್ಪ ಹಾಕಿದ ಚಪ್ಪಲಿಯಲ್ಲೇ ಸ್ಟೇಷನರಿ ಅಂಗಡಿಗೆ ಓಡುತ್ತಾನೆ. ಬಣ್ಣದ ಹಾಳೆ, ಮಿನುಗುವ ಪುಡಿ, ಅಂಟು, ಪ್ಯಾಕೆಟ್‌ನಲ್ಲಿ ಬರುವ ಹೊಚ್ಚ ಹೊಸ ಐಸ್‌ಕ್ರೀಂ ಕಡ್ಡಿಗಳು, ಎಲ್ಲವನ್ನೂ ಹೊತ್ತು ತರುತ್ತಾನೆ. ಅಮ್ಮ ಹನ್ನೆರಡು ಗಂಟೆಯವರೆಗೆ ಕುಳಿತು ಚೆಂದದೊಂದು ಮನೆ ಕಟ್ಟುತ್ತಾಳೆ. ಮಗು ಆಗಲೇ ನಿದ್ದೆಯಲ್ಲಿದೆ. ಮರುದಿನ ಬಹುಮಾನವೂ ಬರುತ್ತದೆ. ಅದು ಯಾರಿಗೆ ಬಂದದ್ದು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಖರ್ಚಿನ ಕಡೆ ಇನ್ನೂರೋ ಮುನ್ನೂರೋ ರೂಪಾಯಿ ಮತ್ತು ಅಮ್ಮನ ಒಂದು ರಾತ್ರಿಯ ನಿದ್ದೆ. ಜಮಾ ಕಡೆ ಮಗುವಿನ ಖಾತೆಯಲ್ಲಿ ಸೊನ್ನೆ. ಕಸದಿಂದ ವಸ್ತು ಮಾಡಲು ಹೊಸ ವಸ್ತು ಕೊಂಡು, ಎರಡು ದಿನಗಳ ನಂತರ ಅದನ್ನೂ ಕಸಕ್ಕೆ ಸೇರಿಸುವ ಈ ವ್ಯವಹಾರ ಪುಣೆ ಮತ್ತು ಪಿಂಪ್ರಿ-ಚಿಂಚವಾಡದ ಮನೆಮನೆಗಳಲ್ಲಿ ನಡೆಯುತ್ತಲೇ ಇರುತ್ತದೆ. ಕನ್ನಡಿಗರ ಮನೆಗಳೂ ಇದಕ್ಕೆ ಹೊರತಲ್ಲ. ವಿಪರ್ಯಾಸವೆಂದರೆ, ಬಿಸಾಡಿದ ವಸ್ತುವಿನಿಂದ ಮಗುವಿನ ಕೈ ಮತ್ತು ತಲೆಗೆ ಕೆಲಸ ಕೊಡುವುದು ಹೇಗೆಂದು ದೇಶಕ್ಕೇ ತೋರಿಸಿಕೊಟ್ಟ ಮನುಷ್ಯ ಹನ್ನೊಂದು ವರ್ಷಗಳ ಕಾಲ ಕೆಲಸ ಮಾಡಿದ್ದು ಇದೇ ಪುಣೆಯಲ್ಲಿ.

ಟೆಲ್ಕೋ ಬಿಟ್ಟು ಸಂತೆಗೆ ಹೋದ ಎಂಜಿನಿಯರ್

ಅವರು ಅರವಿಂದ ಗುಪ್ತಾ. ಮೂಲತಃ ಉತ್ತರ ಪ್ರದೇಶದ ಬರೇಲಿಯವರು. ಕಾನ್ಪುರದ ಐಐಟಿಯಲ್ಲಿ 1975ರಲ್ಲಿ ಎಂಜಿನಿಯರಿಂಗ್ ಪದವಿ ಮುಗಿಸಿ ಪುಣೆಯ ಟೆಲ್ಕೋ ಕಾರ್ಖಾನೆ ಸೇರಿದರು. ಆ ಕಾಲದಲ್ಲಿ ಟೆಲ್ಕೋ ನೌಕರಿ ಎಂದರೆ ಏನೆಂಬುದನ್ನು ಪಿಂಪ್ರಿಯಲ್ಲಿ ನೆಲೆಸಿದ ಹಿರಿಯ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1978ರಲ್ಲಿ ಗುಪ್ತಾ ಅವರು ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಗೆ ಹೋದರು. ಹಳ್ಳಿಯ ಶಾಲೆಗಳಲ್ಲಿ ಮಕ್ಕಳು ವಿಜ್ಞಾನವನ್ನು ಬಾಯಿಪಾಠ ಮಾಡದೆ ಕೈಯಾರೆ ಮಾಡಿ ಕಲಿಯಬೇಕೆಂಬ ಪ್ರಯೋಗವೊಂದು ಅಲ್ಲಿ 1972ರಿಂದಲೇ ನಡೆಯುತ್ತಿತ್ತು. ಆ ಶಾಲೆಗಳಲ್ಲಿ ಉಪಕರಣಗಳಿಗೆ ದುಡ್ಡು ಎಲ್ಲಿಂದ ಬರಬೇಕು? ಗುಪ್ತಾ ವಾರದ ಸಂತೆಗೆ ಹೋದರು. ಅಲ್ಲಿ ಸಿಕ್ಕಿದ್ದು ಸೈಕಲ್ಲಿನ ವಾಲ್ವ್‌ಗೆ ಹಾಕುವ ಸಣ್ಣ ರಬ್ಬರ್ ನಳಿಗೆ ಮತ್ತು ಬೆಂಕಿಕಡ್ಡಿ.

ನಳಿಗೆಯ ಒಂದು ಚೂರಿಗೆ ಎರಡು ಕಡೆಯಿಂದ ಕಡ್ಡಿ ತೂರಿಸಿದರೆ ಮೊಣಕೈಯಂತೆ ಬಾಗುವ ಕೀಲು ಸಿದ್ಧ. ಮೂರು ಕಡ್ಡಿ ಸೇರಿಸಿದರೆ ತ್ರಿಕೋನ. ಎಷ್ಟು ಒತ್ತಿದರೂ ಅದು ಆಕಾರ ಬಿಡುವುದಿಲ್ಲ. ನಾಲ್ಕು ಕಡ್ಡಿಯ ಚೌಕವಾದರೆ ಬೆರಳು ತಾಗಿಸಿದರೆ ಸಾಕು, ಓರೆಯಾಗಿ ಬಿದ್ದುಬಿಡುತ್ತದೆ. ರೈಲ್ವೆ ಸೇತುವೆಯಲ್ಲೂ ಮನೆಯ ಮಾಡಿನಲ್ಲೂ ಏಕೆ ತ್ರಿಕೋನಗಳೇ ತುಂಬಿವೆ ಎಂಬ ಪಾಠ ಇಷ್ಟರಲ್ಲೇ ಮುಗಿಯಿತು. ಬೆಂಕಿಕಡ್ಡಿ ಮಾದರಿಗಳ ಕುರಿತು ಅವರು ಬರೆದ ಪುಟ್ಟ ಪುಸ್ತಕ ಮುಂದೆ ದೇಶದ ಹಲವು ಭಾಷೆಗಳಿಗೆ ಹೋಯಿತು.

ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಅವರು 1988ರಲ್ಲಿ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಕಟ್ಟಿ ಬೆಳೆಸಿದ ಐಯುಕಾ ಸಂಸ್ಥೆಯ ಒಳಗೆ ಮಕ್ಕಳಿಗಾಗಿಯೇ ಮುಕ್ತಾಂಗಣ ವಿಜ್ಞಾನ ಶೋಧಿಕಾ ಎಂಬ ಕೇಂದ್ರ ಹುಟ್ಟಿತು. ಅದರ ಕಟ್ಟಡಕ್ಕೆ ನೆರವಾದದ್ದು ಮರಾಠಿಯ ಮೇರು ಹಾಸ್ಯ ಸಾಹಿತಿ ಪು.ಲ. ದೇಶಪಾಂಡೆ ಅವರ ಹೆಸರಿನ ಪ್ರತಿಷ್ಠಾನ. ಪು.ಲ. ಅವರು ಒಂದು ಕಾಲದಲ್ಲಿ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದವರು ಎಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಅರವಿಂದ ಗುಪ್ತಾ 2003ರಿಂದ 2014ರವರೆಗೆ ಈ ಕೇಂದ್ರದಲ್ಲಿದ್ದರು. ಹಳೆ ಪತ್ರಿಕೆ, ನೀರಿನ ಬಾಟಲಿ, ಸ್ಟ್ರಾ, ಕೆಟ್ಟುಹೋದ ಸಿ.ಡಿ., ಖಾಲಿ ರೀಫಿಲ್, ತೆಂಗಿನ ಹಿಡಿಕಡ್ಡಿ ಮುಂತಾದವುಗಳಿಂದ ನೂರಾರು ಆಟಿಕೆಗಳು ಅಲ್ಲಿ ರೂಪುಗೊಂಡವು. ಅವುಗಳ ವಿವರ ಮತ್ತು ಚಲನಚಿತ್ರಗಳನ್ನು ಅವರ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. 2018ರಲ್ಲಿ ಕೇಂದ್ರ ಸರಕಾರ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು.

ಒಂದು ಆಟಿಕೆಯೊಡನೆ ಮಗು ಮಾಡಬಹುದಾದ ಅತ್ಯುತ್ತಮ ಕೆಲಸವೆಂದರೆ ಅದನ್ನು ಮುರಿದು ನೋಡುವುದು ಎಂಬುದು ಗುಪ್ತಾ ಅವರು ಮತ್ತೆ ಮತ್ತೆ ಹೇಳುತ್ತ ಬಂದ ಮಾತು. ಗಾಜಿನ ಶೋಕೇಸಿನಲ್ಲಿ ಬೀಗ ಹಾಕಿಟ್ಟ ಬೆಲೆಬಾಳುವ ಬೊಂಬೆಯನ್ನು ಮುರಿಯಲು ಯಾವ ತಾಯಿಯೂ ಬಿಡುವುದಿಲ್ಲ. ರದ್ದಿ ಕಾಗದದ ಬೊಂಬೆ ಮುರಿದರೆ ಬೈಯುವವರಿಲ್ಲ. ರದ್ದಿಯ ನಿಜವಾದ ಲಾಭ ಇರುವುದು ಇಲ್ಲಿ; ಉಳಿಯುವ ನಾಲ್ಕು ಕಾಸು ಆಮೇಲಿನ ಮಾತು.

ಕೋಸಬಾಡದ ಗುಡ್ಡದ ಮೇಲೆ

ಗುಪ್ತಾ ಅವರ ಆಟಿಕೆಗಳಲ್ಲಿ ಬಹುಪಾಲು ಶಾಲೆಗೆ ಹೋಗುವ ದೊಡ್ಡ ಮಕ್ಕಳಿಗೆ ಹೊಂದುವಂಥವು. ಮೂರರಿಂದ ಆರು ವರ್ಷದ ಎಳೆಯರ ವಿಷಯದಲ್ಲಿ ಮಹಾರಾಷ್ಟ್ರಕ್ಕೆ ಇನ್ನೂ ಹಳೆಯದೊಂದು ಪರಂಪರೆಯಿದೆ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದಲ್ಲಿ ಶಿಶುಶಿಕ್ಷಣಕ್ಕೆ ತಮ್ಮ ಬದುಕನ್ನೇ ಕೊಟ್ಟರು. ಇಟಲಿಯ ಮಾಂಟೆಸ್ಸರಿ ಅವರ ಪದ್ಧತಿ ಒಳ್ಳೆಯದೇನೋ ಹೌದು, ಆದರೆ ಅದರ ನುಣುಪು ಮರದ ಸಾಮಗ್ರಿಗಳು ಬಡವರ ಕೈಗೆ ಎಟುಕುವಂಥವಲ್ಲ. 1945ರಲ್ಲಿ ತಾರಾಬಾಯಿ ಇಂದಿನ ಪಾಲಘರ್ ಜಿಲ್ಲೆಯ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಬಾಲವಾಡಿ ಆರಂಭಿಸಿದಾಗ ಅವರೊಡನೆ ನಿಂತವರು ಅನುತಾಯಿ ವಾಘ್.

ಅನುತಾಯಿ 1910ರಲ್ಲಿ ನಮ್ಮ ಪುಣೆ ಜಿಲ್ಲೆಯಲ್ಲಿಯೇ ಹುಟ್ಟಿದವರು. ಹದಿಮೂರರ ಪ್ರಾಯಕ್ಕೆ ಮದುವೆ, ಕೆಲವೇ ತಿಂಗಳಲ್ಲಿ ವೈಧವ್ಯ. ಆ ಮೇಲೆ ಓದು, ಶಿಕ್ಷಕಿಯ ವೃತ್ತಿ. ಇವರಿಬ್ಬರೂ ಮುಂದೆ ಕೋಸಬಾಡದ ಗುಡ್ಡಕ್ಕೆ ಹೋಗಿ ವಾರ್ಲಿ ಆದಿವಾಸಿ ಮಕ್ಕಳ ನಡುವೆ ನೆಲೆ ನಿಂತರು. ಮಕ್ಕಳು ಶಾಲೆಗೆ ಬರುವುದಿಲ್ಲವೆಂದಾದರೆ ಶಾಲೆಯೇ ಮಕ್ಕಳ ಅಂಗಳಕ್ಕೆ ಹೋಗಲಿ ಎಂದರು. ಅಂಗಣವಾಡಿ ಎಂಬ ಹೆಸರು ಬಂದದ್ದು ಹಾಗೆ; 1975ರಲ್ಲಿ ದೇಶಾದ್ಯಂತ ಜಾರಿಗೆ ಬಂದ ಶಿಶು ಅಭಿವೃದ್ಧಿ ಯೋಜನೆ ಆ ಹೆಸರನ್ನೇ ಮನೆಮಾತಾಗಿಸಿತು. ಆ ಅಂಗಳಗಳಲ್ಲಿ ಪಾಠದ ಸಾಮಗ್ರಿ ಯಾವುದು? ಬೆಣಚುಕಲ್ಲು, ಬೀಜ, ಎಲೆ, ಕಪ್ಪೆಚಿಪ್ಪು, ಕಡ್ಡಿ. ಎಣಿಸುವುದು, ವಿಂಗಡಿಸುವುದು, ಸಾಲಾಗಿ ಜೋಡಿಸುವುದು ಎಲ್ಲ ಅದರಲ್ಲೇ. ತಾರಾಬಾಯಿಗೆ 1962ರಲ್ಲಿ ಪದ್ಮಭೂಷಣ, ಅನುತಾಯಿಗೆ ಮುಂದೆ ಪದ್ಮಶ್ರೀ ಸಂದಿತು.

ಅವರು ಬಡತನದಿಂದಾಗಿ ಹಿಡಿದ ದಾರಿಯನ್ನೇ ಶ್ರೀಮಂತ ದೇಶಗಳು ಬೇರೆ ಕಾರಣಕ್ಕೆ ಹಿಡಿದವು. ಇಂಗ್ಲೆಂಡಿನ ಸೈಮನ್ ನಿಕಲ್ಸನ್, ತಂದೆ ತಾಯಿ ಇಬ್ಬರೂ ಹೆಸರಾಂತ ಕಲಾವಿದರು, 1971ರಲ್ಲಿ ಬರೆದ ಲೇಖನವೊಂದರಲ್ಲಿ ಬಿಡಿಭಾಗಗಳ ಸಿದ್ಧಾಂತವನ್ನು ಮುಂದಿಟ್ಟರು. ಮಕ್ಕಳ ಸುತ್ತ ಕದಲಿಸಬಹುದಾದ, ಜೋಡಿಸಬಹುದಾದ, ಬೇರ್ಪಡಿಸಬಹುದಾದ ವಸ್ತುಗಳು ಎಷ್ಟು ಹೆಚ್ಚಿವೆಯೋ ಅವರ ಕಲ್ಪಕತೆಗೂ ಅಷ್ಟೇ ಹೆಚ್ಚು ಅವಕಾಶ ಎಂಬುದು ಅದರ ಸಾರ. ಇಟಲಿಯ ರೆಜಿಯೋ ಎಮಿಲಿಯಾ ನಗರದಲ್ಲಿ 1996ರಿಂದ ರೆಮಿದಾ ಎಂಬ ಕೇಂದ್ರವಿದೆ. ಸುತ್ತಲಿನ ಕಾರ್ಖಾನೆಗಳಲ್ಲಿ ಉಳಿಯುವ ರಟ್ಟು, ಬಟ್ಟೆಚೂರು, ರಬ್ಬರ್, ಕಾಗದದ ಕೊಳವೆಗಳನ್ನು ಅಲ್ಲಿ ಕೂಡಿಟ್ಟು ಶಿಶುವಿಹಾರಗಳಿಗೆ ಕೊಡುತ್ತಾರೆ. ಮುಟ್ಟಿದ್ದೆಲ್ಲ ಚಿನ್ನವಾಗುತ್ತಿದ್ದ ಮಿದಾಸ್ ದೊರೆಯ ನೆನಪಿಗೆ ಆ ಹೆಸರು. ಭೋಸರಿ, ಚಾಕಣ ಭಾಗದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರ ಕಣ್ಣೆದುರೇ ದಿನಾಲೂ ಎಷ್ಟು ರಟ್ಟು ಗುಜರಿಗೆ ಹೋಗುತ್ತದೆ ಎಂಬುದು ಅವರಿಗೇ ಗೊತ್ತು.

ಅಜ್ಜಿಯ ಸೆರಗಿನಲ್ಲಿ ಕನ್ನಡ

ಹೊರನಾಡ ಕನ್ನಡಿಗರ ಮಟ್ಟಿಗೆ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಪುಣೆಯಲ್ಲಿ ಹುಟ್ಟಿದ ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಸೊಸೈಟಿಯ ಅಂಗಳದಲ್ಲಿ ಮರಾಠಿ, ಟಿ.ವಿ. ಎದುರು ಹಿಂದಿ ಕೇಳುತ್ತ ಬೆಳೆಯುತ್ತವೆ. ಕನ್ನಡಕ್ಕೆ ಉಳಿಯುವುದು ಅಡುಗೆಮನೆ, ಅದೂ ಊರಿನಿಂದ ಅಜ್ಜಿ ಬಂದಾಗ. ಕನ್ನಡ ಸಂಘ ಇಲ್ಲಿ ಕನ್ನಡ ಮಾಧ್ಯಮದ ಶಾಲೆಯನ್ನೇ ಕಟ್ಟಿ ಬೆಳೆಸಿದ್ದು ಹೆಮ್ಮೆಯ ಸಂಗತಿಯಾದರೂ ಎಲ್ಲ ಮಕ್ಕಳೂ ಅಲ್ಲಿಗೆ ಹೋಗುವುದಿಲ್ಲ ಎಂಬುದು ಎಲ್ಲರಿಗೂ ತಿಳಿದ ಕಟು ಸತ್ಯ.

ಅಂಗಡಿಯ ಆಟಿಕೆ ತನ್ನ ಡಬ್ಬಿಯ ಮೇಲೆ ಇಂಗ್ಲಿಷ್ ಹೆಸರು ಬರೆಸಿಕೊಂಡೇ ಬರುತ್ತದೆ. ಗುಂಡಿ ಒತ್ತಿದರೆ ಅದು ಮಾತಾಡುವುದೂ ಇಂಗ್ಲಿಷಿನಲ್ಲೇ. ಆದರೆ ಹುಣಸೆ ಬೀಜ, ತೆಂಗಿನ ಕರಟ, ಗೋಣಿದಾರ, ಬೆಂಕಿಪೊಟ್ಟಣ, ಮಾವಿನ ಓಟೆ ಇವುಗಳ ಹೆಸರು ಮಗುವಿಗೆ ಸಿಗುವುದು ಅಜ್ಜಿಯ ಬಾಯಿಂದಲೇ. ವಿಜಯಪುರದ ಅಜ್ಜಿ ಕರಟವನ್ನು ಪರಟಿ ಎನ್ನುತ್ತಾಳೆ, ಕರಾವಳಿಯ ಅಜ್ಜಿ ಗೆರಟೆ ಎನ್ನುತ್ತಾಳೆ. ಎರಡೂ ಇರಲಿ, ನಷ್ಟವೇನಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಚೌಕಾಬಾರ ಆಡಿಸುತ್ತ, ಅಳಗುಳಿ ಮಣೆಯಲ್ಲಿ ಬೀಜ ಹಂಚುತ್ತ ಅಜ್ಜಿ ಒಂದು, ಎರಡು ಎಂದು ಎಣಿಸಿದರೆ, ಒನ್ ಟೂ ಥ್ರೀ ಮಾತ್ರ ಬಲ್ಲ ಮಗುವೂ ದನಿಗೂಡಿಸುತ್ತದೆ. ಮಣೆ ಇಲ್ಲದಿದ್ದರೆ ಮೊಟ್ಟೆಯ ರಟ್ಟಿನ ತಟ್ಟೆಯ ತುಂಡು ಸಾಕು.

ಹಾಗೆ ನೋಡಿದರೆ ನಮ್ಮವರಿಗೆ ಇದೆಲ್ಲ ಹೊಸತೂ ಅಲ್ಲ. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಬಣ್ಣದ ತುಂಡುಗಳನ್ನು ಜೋಡಿಸಿ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹೊಲಿಯುವ ಕೌದಿಗಿಂತ ದೊಡ್ಡ 'ಬೆಸ್ಟ್ ಔಟ್ ಆಫ್ ವೇಸ್ಟ್' ಎಲ್ಲಿದೆ? ಜೋಳದ ರಾಶಿ ಮುಗಿದ ಮೇಲೆ ಉಳಿದ ದಂಟಿನ ಸಿಬಿರು ಮತ್ತು ಬೆಂಡಿನಿಂದ ಬಂಡಿ, ಕನ್ನಡಕ ಮಾಡಿ ಆಡಿದವರು, ತೆಂಗಿನ ಗರಿ ಸುತ್ತಿ ಪೀಪಿ ಊದಿದವರು, ಸೈಕಲ್ ಟೈರಿಗೆ ಕೋಲು ಬಡಿಯುತ್ತ ಊರೆಲ್ಲ ಓಡಿದವರು ಇಂದು ಪುಣೆಯ ಸಂಘಗಳಲ್ಲಿ ಪದಾಧಿಕಾರಿಗಳಾಗಿದ್ದಾರೆ. ಅವರ ಮೊಮ್ಮಕ್ಕಳ ಕೈಯಲ್ಲಿರುವುದು ಮೊಬೈಲು.

ಒಂದು ಹಾಳೆಯ ಹಡಗು

ಪತ್ರಿಕೆಯ ಒಂದು ಹಾಳೆಯಿಂದ ಹೇಳಬಹುದಾದ ಕಥೆಯೊಂದಿದೆ. ದೇಶ ವಿದೇಶಗಳಲ್ಲಿ ಬಹುಕಾಲದಿಂದ ಬಾಯಿಂದ ಬಾಯಿಗೆ ಬಂದದ್ದು. ಅರವಿಂದ ಗುಪ್ತಾ ಅವರೂ ಇದನ್ನು ಎಷ್ಟೋ ಮಕ್ಕಳಿಗೆ ಹೇಳಿದ್ದಾರೆ. ಹಾಳೆಯನ್ನು ಮಡಚಿ ಟೋಪಿ ಮಾಡಿ ಮಗುವಿನ ತಲೆಗೆ ಇಡಬೇಕು. ಅದು ಹಡಗಿನ ಕಪ್ತಾನನ ಟೋಪಿ. ಟೋಪಿಯನ್ನೇ ಮತ್ತೆ ಮಡಚಿ ಎಳೆದರೆ ಹಡಗು. ಹಡಗು ಸಮುದ್ರಕ್ಕೆ ಇಳಿಯುತ್ತದೆ, ಬಿರುಗಾಳಿ ಬರುತ್ತದೆ. ಬಂಡೆಗೆ ಬಡಿದು ಮುಂದಿನ ಮೂತಿ ಹರಿಯಿತು. ಆ ತುದಿಯನ್ನು ಹರಿದು ಎಸೆಯಬೇಕು. ಹಿಂದಿನ ತುದಿಯೂ ಹರಿಯಿತು. ನಡುವಿನ ಶಿಖರಕ್ಕೂ ಸಿಡಿಲು ಬಡಿಯಿತು, ಅದನ್ನೂ ಹರಿಯಬೇಕು. ಹಡಗು ಮುಳುಗಿತು. ಕಪ್ತಾನ ಏನಾದ? ಉಳಿದದ್ದನ್ನು ಬಿಡಿಸಿ ನೋಡಿದರೆ ಕುತ್ತಿಗೆ, ಎರಡು ತೋಳು ಸಹಿತ ಒಂದು ಅಂಗಿ! ಕಪ್ತಾನನ ಅಂಗಿ ದಡಕ್ಕೆ ತೇಲಿ ಬಂತು.

ಮಗು ಆಗ ಕೇಳುವುದು ಒಂದೇ ಮಾತು: "ಅಜ್ಜಿ, ಇನ್ನೊಂದ್ಸಲ ಹೇಳು." ಎರಡನೆಯ ಸಲ ಹಡಗು ಅಮೆರಿಕಕ್ಕೆ ಹೋಗಬಹುದು, ಕಾರವಾರಕ್ಕೂ ಹೋಗಬಹುದು. ಮೂರನೆಯ ಸಲ ಮಗುವೇ ಕಥೆ ಹೇಳುತ್ತದೆ, ತಪ್ಪು ತಪ್ಪು ಕನ್ನಡದಲ್ಲಿ. ತಿದ್ದಲು ಹೋಗದಿದ್ದರೆ ಸಾಕು. ಓದಿ ಮುಗಿದ ಮೇಲೆ ಈ ಪುಟವನ್ನೂ ಅದಕ್ಕೆ ಬಳಸಲು ಅಡ್ಡಿಯಿಲ್ಲ.

ಹಿರಿಯರು ಎಡವುವುದು ಇಲ್ಲಿಯೇ. ಮಗು ನಾಲ್ಕು ಮುಚ್ಚಳಗಳನ್ನು ಸಾಲಾಗಿಟ್ಟು ರೈಲು ಎಂದರೆ, "ರೈಲಿಗೆ ಎಂಜಿನ್ ಎಲ್ಲಿ?" ಎಂದು ತಕ್ಷಣ ಕೈ ಹಾಕುತ್ತೇವೆ. ಕೋಲನ್ನು ಕುದುರೆ ಮಾಡಿ ಓಡುವ ಮಗುವಿನ ಮನಸ್ಸಿನಲ್ಲಿ ವಸ್ತುವಿನಿಂದ ಅರ್ಥ ಬೇರೆಯಾಗತೊಡಗುತ್ತದೆ ಎಂದು ರಷ್ಯದ ಮನೋವಿಜ್ಞಾನಿ ವೈಗೋಟ್‌ಸ್ಕಿ ವಿವರಿಸಿದ್ದಾರೆ. ಮುಂದೆ ಅಕ್ಷರ, ಅಂಕಿ ಕಲಿಯುವುದೂ ಇದೇ ಬಲದ ಮೇಲೆ. 'ಕ' ಎಂಬ ಗೆರೆ ಒಂದು ಸದ್ದಿನ ಬದಲಿಗೆ ನಿಂತಂತೆ, ಮುಚ್ಚಳ ರೈಲಿನ ಬದಲಿಗೆ ನಿಂತಿದೆ. ಎಂಜಿನ್ ಬೇಕೆಂದು ತೋರಿದರೆ ಮಗುವೇ ಹುಡುಕಿಕೊಳ್ಳುತ್ತದೆ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಎಂಟು ವರ್ಷದವರಿಗೆ ಆಟವೇ ಕಲಿಕೆ, ಸ್ಥಳೀಯ ವಸ್ತುಗಳೇ ಸಾಮಗ್ರಿ ಎಂದು ಹೇಳುತ್ತದೆ. ಹೇಳಿಕೆಗೂ ಶಾಲೆಯ ಡೈರಿಗೂ ನಡುವೆ ಅಂತರ ಉಳಿದಿದೆ ಅಷ್ಟೆ.

ಯಾವುದು ಬೇಡ

ಬಿಸಾಡಿದ್ದೆಲ್ಲವೂ ಮಗುವಿನ ಕೈಗೆ ಕೊಡತಕ್ಕದ್ದಲ್ಲ. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಬೀಜ, ಗೋಲಿ, ಅಂಗಿಗುಂಡಿ, ಬಾಟಲಿ ಮುಚ್ಚಳ ಇವೆಲ್ಲ ಗಂಟಲಲ್ಲಿ ಸಿಕ್ಕುವ ಅಪಾಯವಿದೆ. ಬೀಜ ಒಳ್ಳೆಯದೆಂದು ಗುಲಗಂಜಿಯನ್ನು ಮಾತ್ರ ತರಬಾರದು, ಅದರೊಳಗಿರುವುದು ವಿಷ. ಎಲ್ಲಕ್ಕಿಂತ ಕೆಟ್ಟದ್ದು ಹಳೆ ಗಡಿಯಾರ, ರಿಮೋಟ್‌ಗಳಲ್ಲಿರುವ ಗುಂಡಿಯಾಕಾರದ ಸೆಲ್ಲು. ಮಗು ನುಂಗಿದರೆ ಎರಡು ತಾಸಿನೊಳಗೇ ಅನ್ನನಾಳ ಸುಡತೊಡಗುತ್ತದೆ. ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಔಷಧದ ಬಾಟಲಿ, ಪೇಂಟ್ ಡಬ್ಬಿ, ಫಿನೈಲ್ ಕ್ಯಾನು, ಅಂಚು ಹರಿತವಾದ ತಗಡು, ತಲೆಗೆ ಹಾಕಿಕೊಳ್ಳಬಹುದಾದ ಪ್ಲಾಸ್ಟಿಕ್ ಚೀಲ ಇವೂ ದೂರವಿರಲಿ. ಎಳೆಯರಿಗೆ ತುದಿ ಮೊಂಡಾದ ಕತ್ತರಿ, ಅಂಟಿಗೆ ಮನೆಯಲ್ಲೇ ಮೈದಾ ಹಿಟ್ಟು ಕಾಯಿಸಿದ ಗೋಂದು ಸಾಕು.

ಮೈದಾ ಗೋಂದಿಗೆ ಇನ್ನೊಂದು ಕಾರಣವೂ ಉಂಟು. ಪುಣೆಯಲ್ಲಿ ಮನೆ ಬಾಗಿಲಿಗೆ ಬಂದು ಕಸ ಒಯ್ಯುವ ಸ್ವಚ್ಛ್ ಎಂಬ ಸಹಕಾರಿ ಸಂಸ್ಥೆ ಚಿಂದಿ ಆಯುವ ಹೆಣ್ಣುಮಕ್ಕಳೇ ಕಟ್ಟಿಕೊಂಡದ್ದು. 1993ರಲ್ಲಿ ಅವರ ಸಂಘಟನೆಯಾಗಿ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಹುಟ್ಟಿತು. 2008ರಲ್ಲಿ ಮಹಾನಗರ ಪಾಲಿಕೆಯೊಡನೆ ಒಪ್ಪಂದವಾಗಿ ಸ್ವಚ್ಛ್ ಕೆಲಸಕ್ಕಿಳಿಯಿತು. ಒಣ ಕಸದಲ್ಲಿ ರಟ್ಟು, ಕಾಗದ, ಬಾಟಲಿಗಳನ್ನು ಬೇರ್ಪಡಿಸಿ ಗುಜರಿಗೆ ಮಾರಿದ ಹಣವೂ ಆ ತಾಯಂದಿರ ಸಂಪಾದನೆಯ ಭಾಗ. ರಟ್ಟಿಗೆ ಥರ್ಮಾಕೋಲು, ಥರ್ಮಾಕೋಲಿಗೆ ಮಿನುಗುಪುಡಿ, ಅದರ ಮೇಲೆ ಪ್ಲಾಸ್ಟಿಕ್ ಹೂವು ಅಂಟಿಸಿದ ಬಹುಮಾನಿತ ಮಾದರಿ ಅವರ ಕೈಗೆ ಬಂದಾಗ ಅದನ್ನು ಯಾವ ಗುಜರಿಯವನೂ ಕೊಳ್ಳುವುದಿಲ್ಲ. ಮಾರಿದರೆ ನಾಲ್ಕು ಕಾಸು ತರುತ್ತಿದ್ದ ರಟ್ಟು ಸ್ಪರ್ಧೆಗೆ ಹೋಗಿ ನಿಜವಾದ ಕಸವಾಗಿ ಬಂದಿರುತ್ತದೆ. ಥರ್ಮಾಕೋಲಿನ ತಟ್ಟೆ ಲೋಟ ಹಾಗೂ ಅಲಂಕಾರ ಸಾಮಗ್ರಿಗಳನ್ನು ಮಹಾರಾಷ್ಟ್ರ ಸರಕಾರ 2018ರಲ್ಲೇ ನಿಷೇಧಿಸಿದೆ ಎಂಬುದನ್ನು ಶಾಲೆಗಳಿಗೆ ಪಾಲಕರೇ ನೆನಪಿಸಬೇಕಾಗಿದೆ. ದಾರ ಕಟ್ಟಿದ್ದು, ಮಡಚಿದ್ದು, ಒಂದರೊಳಗೊಂದು ಸಿಕ್ಕಿಸಿದ್ದು ಆಟ ಮುಗಿದ ಮೇಲೆ ಬಿಚ್ಚಿ ಬರುತ್ತದೆ. ನಾಳೆ ಬೇರೆ ಆಟಕ್ಕೆ ಒದಗುತ್ತದೆ.

ಸಂಘ ಸಂಸ್ಥೆಗಳ ಮನೆಗಳಲ್ಲಿ ಇದಕ್ಕೆ ಸಾಮಗ್ರಿಯ ಕೊರತೆಯಂತೂ ಇಲ್ಲ. ಒಂದು ಮದುವೆ ಹಂಗಾಮು ಕಳೆದರೆ ಪ್ರತಿ ಮನೆಯ ಕಪಾಟಿನಲ್ಲೂ ದಪ್ಪ ಕಾಗದದ, ಬಂಗಾರದ ಬಣ್ಣದ ಆಮಂತ್ರಣ ಪತ್ರಿಕೆಗಳ ಕಟ್ಟು. ಜನವರಿ ಬಂದರೆ ಕನ್ನಡ ಅಂಕಿಗಳಿರುವ ಹಳೆಯ ಕ್ಯಾಲೆಂಡರ್. ಒಂದೊಂದು ಚೌಕ ಕತ್ತರಿಸಿದರೆ ಅಂಕಿಗಳ ಇಸ್ಪೀಟು. ರಾಜ್ಯೋತ್ಸವ ಮುಗಿದ ರಾತ್ರಿ ಸಭಾಂಗಣದ ಮೂಲೆಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳು, ಹೂಗುಚ್ಛದ ಕಾಗದ, ಕೆಂಪು ಹಳದಿ ರಿಬ್ಬನ್ನು.

ಅದೇ ಸಭಾಂಗಣದಲ್ಲಿ ಅಧ್ಯಕ್ಷೀಯ ಭಾಷಣ ಮುಕ್ಕಾಲು ಗಂಟೆ ದಾಟಿದಾಗ ಮಕ್ಕಳು ಕುರ್ಚಿಗಳ ನಡುವೆ ಓಡಾಡುವುದೂ, ತಾಯಂದಿರು ಅವರನ್ನು ಎಳೆದು ಕೂರಿಸುವುದೂ, ಕೊನೆಗೆ ಕೈಗೆ ಮೊಬೈಲು ಕೊಡುವುದೂ ಎಲ್ಲರೂ ಕಂಡ ದೃಶ್ಯ. ಬಾಗಿಲ ಬಳಿ ಒಂದು ಜಮಖಾನೆ ಹಾಸಿ, ಕಳೆದ ವರ್ಷದ ಆಮಂತ್ರಣ ಪತ್ರಿಕೆಗಳು, ದಾರದ ಉಂಡೆ, ನಾಲ್ಕಾರು ಪೆಟ್ಟಿಗೆ ಇಟ್ಟು, ಊರಿನಿಂದ ಬಂದ ಅಜ್ಜಿಯೊಬ್ಬರನ್ನು ಜೊತೆಗೆ ಕೂರಿಸಿದರೆ ಖರ್ಚು ಏನೂ ಇಲ್ಲ. ಬಹುಮಾನ, ಸ್ಪರ್ಧೆ ಮಾತ್ರ ಇಡಬಾರದು. ಅಜ್ಜಿಯರಿಗೂ ಆ ಭಾಷಣಗಳಿಂದ ಬಿಡುವು ಬೇಕಾಗಿರುತ್ತದೆ.